ಹಗೇವು ನೆನೆದ ವರ್ಷ

ಹೋದ ವಾರ ಮುಳಬಾಗಿಲಿನ ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಬೀಸಿಸಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಚೀಲದ ಬಾಯಿ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಎಲ್ಲೋ ಸೋರುವ ಮನೆಯಲ್ಲಿ ನೆನೆದು, ಆಮೇಲೆ ಒಣಗಿಸಿದ ರಾಗಿ. ಮಿಲ್ಲಿನವನು ಮುಖ ಸಿಂಡರಿಸಿದ. “ಏನಮ್ಮಾ, ಇದ್ನ ಹಾಕಿದ್ರೆ ಹಿಂದಿನೋರ ಹಿಟ್ಟೂ ಕೆಡ್ತದೆ” ಎಂದ. ಆಕೆ, “ಮೇಲ್ಮೇಲೆ ಅಷ್ಟೇ ಕಣಣ್ಣ, ಒಳಗೆ ಚೆನ್ನಾಗೈತೆ” ಎಂದಳು. ಅವಳ ಹಿಂದಿನವಳು ನಾನೇ. ಜಗಳ ಆಡಬಹುದಿತ್ತು. ಆದರೆ ಆ ವಾಸನೆಯ ಜೊತೆ ಒಂದು ಮಳೆಗಾಲ ಸಂಸಾರ ಮಾಡಿದವಳು ನಾನು. “ಹಾಕಪ್ಪ, ಪರವಾಗಿಲ್ಲ” ಎಂದುಬಿಟ್ಟೆ.

ಆಗ ನಮ್ಮ ಮನೆಗೆ ಕರೆಂಟು ಇರಲಿಲ್ಲ. ಬೈರಕೂರಿನ ಆಚೆ, ಕೆರೆಯ ಕೋಡಿ ದಾಟಿ ಹೋದರೆ ಸಿಗುವ ಮಾವಿನ ತೋಪಿನಲ್ಲಿ ನಮ್ಮದೊಂದೇ ಮನೆ. ಊರಲ್ಲಿದ್ದ ಹಳೆ ಮನೆ ಪಾಲಿನಲ್ಲಿ ದಾಯಾದಿಗಳಿಗೆ ಹೋದ ಮೇಲೆ ನಾವು ಇಲ್ಲಿಗೆ ಬಂದು ಸೇರಿದ್ದೆವು. ಕರೆಂಟಿನ ಕಂಬಗಳು ಕೆರೆ ಕಟ್ಟೆಯವರೆಗೆ ಬಂದು ಅಲ್ಲೇ ನಿಂತಿದ್ದವು. ಸೂರಿನ ಮೇಲೆ ಒಂದು ಸೋಲಾರ್ ಪ್ಲೇಟು, ಅದರಿಂದ ಎರಡು ಬಲ್ಬು, ಒಂದು ಫೋನು. ಮೋಡ ಕವಿದರೆ ಅದೂ ಇಲ್ಲ. ಫ್ರಿಜ್ಜಿನ ಮಾತಂತೂ ದೂರ. ಅಂಗಡಿ ಬೇಕೆಂದರೆ ಕೋಡಿಯ ಹಳ್ಳ ಇಳಿದು ಹತ್ತಿ ಊರಿಗೆ ನಡೆಯಬೇಕು. ಹಾಗಾಗಿ ನಮ್ಮ ಮನೆ ನಡೆಯುತ್ತಿದ್ದುದು ಉಗ್ರಾಣದ ಮೇಲೆ, ಉಗ್ರಾಣ ನಡೆಯುತ್ತಿದ್ದುದು ನಾರಾಯಣಮ್ಮಕ್ಕನ ಮೇಲೆ.

ನಾರಾಯಣಮ್ಮಕ್ಕ ನನ್ನ ವಾರಗಿತ್ತಿ, ನಮ್ಮನೆಯವರ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿಲ್ಲ. ತಾಯಲೂರಿನಲ್ಲಿರುವ ಅವರ ತಮ್ಮ ಸೊಣ್ಣಪ್ಪಣ್ಣ ಬಂದಾಗಲೆಲ್ಲ “ನಮ್ಮನೆಗೆ ಬಂದ್ಬಿಡಕ್ಕ” ಎಂದು ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಕರೆಯುವುದರಲ್ಲಿ ಕಪಟವಿರಲಿಲ್ಲ. ಅಕ್ಕನದು ಪ್ರತಿ ಸಲವೂ ಒಂದೇ ಉತ್ತರ: “ನಾನು ಬಂದ್ರೆ ಈ ಉಗ್ರಾಣ ನೋಡೋರ್ಯಾರೋ?” ಅಷ್ಟು ಹೇಳಿದರೆ ತಮ್ಮನ ಬಾಯಿ ಕಟ್ಟುತ್ತಿತ್ತು. ಆ ಒಂದು ಉತ್ತರದ ಬಲದ ಮೇಲೆ ಅಕ್ಕ ನಮ್ಮ ಮನೆಯಲ್ಲಿ ಯಾರ ಹಂಗೂ ಇಲ್ಲದೆ ತಲೆಯೆತ್ತಿಕೊಂಡು ಇದ್ದರು. ನಾವು ಹೋಗಿ ಎನ್ನುವವರಲ್ಲ. ಆದರೂ ಕೆಲಸವಿಲ್ಲದೆ ಕುಳಿತು ಉಣ್ಣುವುದು ಅವರಿಂದ ಆಗದ ಮಾತು. ಹಾಗೆ ಉಣ್ಣುವುದಾದರೆ ತಮ್ಮನ ಮನೆಯಲ್ಲೇ ಉಣ್ಣುತ್ತೇನೆ, ನಿಮ್ಮಲ್ಲಿ ಉಣ್ಣುವುದಿಲ್ಲ ಎಂದು ಒಮ್ಮೆ ನೇರವಾಗಿಯೇ ಹೇಳಿದ್ದರು.

ಕಿಟಕಿಯಿಲ್ಲದ ಉಗ್ರಾಣದ ಕೋಣೆಯಲ್ಲಿ ಮೂರು ಅಡಕಲುಗಳಿದ್ದವು. ಒಂದರ ಮೇಲೊಂದು ಪೇರಿಸಿದ ಮಣ್ಣಿನ ಮಡಕೆಗಳು, ಕೆಳಗೆ ದೊಡ್ಡ ಗುಡಾಣ, ಮೇಲೆ ಹೋಗುತ್ತ ಚಿಕ್ಕವು. ಹರಳೆಣ್ಣೆ ಸವರಿದ ಅವರೆ, ಕೆಮ್ಮಣ್ಣು ಕಟ್ಟಿ ಒಣಗಿಸಿದ ತೊಗರಿ, ಬೂದಿ ಬೆರೆಸಿದ ಹುರುಳಿ, ಉಪ್ಪು ಹಾಕಿ ಅದುಮಿದ ಹುಣಸೆಹಣ್ಣು, ಮಾವಿನಕಾಯಿಯ ಒಣ ಹೋಳು, ಕಡಲೆಕಾಯಿ. ಹೊಸದು ಬಂದರೆ ಕೆಳಗಿನ ಗುಡಾಣಕ್ಕೆ, ಅಲ್ಲಿದ್ದ ಹಳೆಯದು ಮೇಲಿನ ಮಡಕೆಗೆ. ಯುಗಾದಿ ಕಳೆದ ಮೇಲೆ ಒಮ್ಮೆ, ಮಳೆಗೆ ಮುಂಚೆ ಒಮ್ಮೆ ಎಲ್ಲವನ್ನೂ ಇಳಿಸಿ, ಬಿಸಿಲು ಕಾಣಿಸಿ, ಮತ್ತೆ ಪೇರಿಸಬೇಕು. ಇಳಿಸುವುದು ನಾನು, ಪೇರಿಸುವುದೂ ನಾನು. ಅಕ್ಕ ಪ್ರತಿ ಮಡಕೆಯ ಬಾಯಿಗೆ ಮೂಗಿಟ್ಟು ಒಂದು ಉಸಿರು ಎಳೆದು, “ಇದು ಮೇಲಕ್ಕೆ”, “ಇದು ಬೇಗ ಖಾಲಿ ಆಗ್ಬೇಕು”, “ಇದು ದನಕ್ಕೆ” ಎನ್ನುವುದು. ಆ ಮೂಗಿನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ನನಗೋ ಈ ಇಳಿಸುವುದು ಪೇರಿಸುವುದು ಸಾಕುಸಾಕಾಗಿತ್ತು. ನನ್ನ ತವರು ಮಾಸ್ತಿಯಲ್ಲಿ ಹೊಸ ರಾಗಿ ಮನೆಗೆ ಬಂದರೆ ಆವತ್ತೇ ಬೀಸಿ ಮುದ್ದೆ ಮಾಡುತ್ತಿದ್ದರು. ಇಲ್ಲಿ ಹಳೆಯದು ಮುಗಿದ ಮೇಲೆಯೇ ಹೊಸದು. ಹಳೆಯದು ಮುಗಿಯುವ ಹೊತ್ತಿಗೆ ಹೊಸದೂ ಹಳೆಯದಾಗಿರುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಒಂದು ಸಲವಾದರೂ ಆ ವರ್ಷದ ರಾಗಿಯನ್ನು ಆ ವರ್ಷ ತಿಂದ ನೆನಪು ನನಗಿರಲಿಲ್ಲ. ಇದನ್ನು ಹೇಳಿದರೆ ಅಕ್ಕ ನಗುತ್ತಿದ್ದರು. “ಹೊಸದು ಎಲ್ಲಿಗೂ ಓಡೋಗಲ್ಲ ಕಣೇ. ಹಳೇದು ಓಡೋಗ್ತೈತೆ.”

ರಾಗಿ ಮಾತ್ರ ಅಡಕಲಿನಲ್ಲಿ ಇರುತ್ತಿರಲಿಲ್ಲ. ಅದಕ್ಕೆ ಹಗೇವು ಇತ್ತು. ಮನೆಯ ಹಿಂದೆ ನೆಲದೊಳಗೆ ತೋಡಿದ, ಬಾಯಿ ಚಿಕ್ಕದು ಹೊಟ್ಟೆ ದೊಡ್ಡದಾದ ಗುಂಡಿ. ಒಳಗೋಡೆಗೆ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು. ಒಣ ನೆಲದಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಮಾವನವರು ಅದನ್ನು ಕೆರೆಯ ಕಡೆಗೇ ತೋಡಿಸಿದ್ದರು, ಅಲ್ಲಿ ಅಗೆಯುವುದು ಸುಲಭವೆಂದು. ನಾನು ಬಂದಾಗಿನಿಂದ ಆ ಕೆರೆಯಲ್ಲಿ ಜಾಲಿ ಬೆಳೆದದ್ದು ನೋಡಿದ್ದೆ, ದನ ಮೇಯುವುದು ನೋಡಿದ್ದೆ, ಹುಡುಗರು ಕ್ರಿಕೆಟ್ ಆಡುವುದು ನೋಡಿದ್ದೆ. ಅದರಲ್ಲಿ ನೀರು ನಿಲ್ಲುತ್ತದೆ ಎನ್ನುವುದನ್ನೇ ಎಲ್ಲರೂ ಮರೆತಿದ್ದರು. ಬೇರೆ ಸೀಮೆಯವರಾಗಿದ್ದರೆ ಕೆರೆಯ ಮಗ್ಗುಲಲ್ಲಿ ಹಗೇವು ತೋಡುತ್ತಿರಲಿಲ್ಲ. ನಮಗೆ ಕೆರೆ ಎಂದರೆ ಒಣ ನೆಲವೇ ಆಗಿಹೋಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಊರಿಗೆಲ್ಲ ಜ್ವರ ಬಂತು. ನಮ್ಮ ಮನೆಯಲ್ಲಿ ಅಕ್ಕನಿಗೊಬ್ಬರಿಗೆ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬೇರೆ ಇದ್ದು, ಗಂಜಿ ಕುಡಿದು, ಗುಣವಾಗಿ ಎದ್ದು ಬಂದರು. ಸುಸ್ತು ಬಿಟ್ಟರೆ ಬೇರೇನೂ ಇಲ್ಲ ಎಂದರು. ನಾವೂ ನಂಬಿದೆವು. ಮಳೆಗೆ ಮುಂಚಿನ ಸರದಿಗೆ ಅಡಕಲು ಇಳಿಸಿದಾಗ ಅವರು ಎಂದಿನಂತೆ ಪ್ರತಿ ಮಡಕೆಗೂ ಮೂಗಿಟ್ಟರು, ಎಂದಿನಂತೆ ತೀರ್ಪು ಕೊಟ್ಟರು. ಒಂದೇ ವ್ಯತ್ಯಾಸವೆಂದರೆ ಆ ಸಲ ದನಕ್ಕೆ ಏನೂ ಹೋಗಲಿಲ್ಲ. ಎಲ್ಲವೂ ಚೆನ್ನಾಗಿದೆ ಎಂದರು. ನನ್ನ ಕೆಲಸ ಕಡಿಮೆಯಾಯಿತೆಂದು ಖುಷಿಯೇ ಆಯಿತು.

ಆಮೇಲೆ ಒಂದೆರಡು ಸಲ ನಾನು ಉಪ್ಪಿಗೋ ಹುಣಸೆಗೋ ಉಗ್ರಾಣಕ್ಕೆ ಹೋದಾಗ, ಅಕ್ಕ ಕತ್ತಲಲ್ಲಿ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ನನ್ನನ್ನು ಕಂಡು, “ನೆಗಡಿ ಕಣೇ, ಮೂಗು ಕಟ್ಟೈತೆ” ಎಂದರು. ಮಳೆಗಾಲ, ನೆಗಡಿ ಇದ್ದೀತು ಎಂದುಕೊಂಡೆ.

ಮಳೆ ಶುರುವಾದದ್ದು ತಡವಾಗಿ. ಆದರೆ ಹಿಡಿದದ್ದು ಬಿಡಲಿಲ್ಲ. ಸೌದೆ ನೆನೆಯಿತು, ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು, ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಬಲ್ಬು ಮಂಕಾಗಿ ಒಂದು ದಿನ ಆರಿಯೇ ಹೋಯಿತು. ಹಗಲಿನಲ್ಲೂ ಚಿಮಣಿ ಹಚ್ಚಿಕೊಂಡು ಅಡಿಗೆ ಮಾಡಿದೆ. ಕೆರೆಯಲ್ಲಿ ಮೊದಲು ಕೆಸರು, ಆಮೇಲೆ ಕುಂಟೆ, ಆಮೇಲೆ ನಿಜವಾಗಿಯೂ ಕೆರೆ. ಊರಿನವರು ಕಟ್ಟೆಯ ಮೇಲೆ ನಿಂತು ಕೈ ಮುಗಿದರು. ನಮ್ಮನೆಯವರೂ ಹೋಗಿ ನೋಡಿಬಂದು ಮಕ್ಕಳ ಹಾಗೆ ಸಂತೋಷಪಟ್ಟರು.

ಮಳೆ ಜೋರಾದಾಗ ಹಗೇವಿನ ಬಾಯಿಯ ಮಣ್ಣು ಕೆದಕಿ, ಚಪ್ಪಡಿಯನ್ನು ಅಂಗೈಯಗಲ ಸರಿಸಿ, ಒಳಗಿನ ಗಾಳಿ ಮೂಸುವುದು ಅಕ್ಕನ ವಾಡಿಕೆ. ತೇವ ತಗುಲಿದ್ದರೆ ಆ ಗಾಳಿಯಲ್ಲೇ ತಿಳಿಯುತ್ತದೆ, ಆಗಲೇ ರಾಗಿ ಮೇಲೆತ್ತಿ ಉಳಿಸಿಕೊಳ್ಳಬಹುದು. ಆ ಸಲವೂ ಒಂದು ದಿನ ಜಿನುಗು ಮಳೆಯಲ್ಲಿ ಗೋಣಿಚೀಲ ತಲೆಗೆ ಹಾಕಿಕೊಂಡು ಅವರು ಒಬ್ಬರೇ ಹೋದರು. ನಾನು ಹಸುವಿನ ಹಾಲು ಕರೆಯುತ್ತಿದ್ದೆ. ಬಂದು, “ಸರಿಯಾಗೈತೆ” ಎಂದರು. ನಮ್ಮನೆಯವರು ಮತ್ತೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರು.

ದೀಪಾವಳಿ ಕಳೆದ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ನಮ್ಮ ದಾರಿಯೇ ಹೊಳೆಯಾಯಿತು. ಆಚೆಯ ಊರು ಕಣ್ಣಿಗೆ ಕಾಣುತ್ತಿತ್ತು, ಕೂಗಿದರೂ ಕೇಳುತ್ತಿತ್ತು, ಹೋಗುವಂತಿರಲಿಲ್ಲ. ಡೇರಿಗೆ ಹಾಲು ಹಾಕುವಂತಿಲ್ಲ, ಹೆಪ್ಪು ಹಾಕಿ ಹಾಕಿ ಮನೆಯಲ್ಲಿ ಮೊಸರಿನ ಮಡಕೆಗಳೇ ತುಂಬಿದವು. ಮನೆಯಲ್ಲಿದ್ದ ರಾಗಿ ಮುಗಿಯುತ್ತ ಬಂದಾಗ ಹಗೇವು ತೆಗೆಯೋಣವೆಂದು ಮೂವರೂ ಹಿಂದಕ್ಕೆ ಹೋದೆವು.

ನಮ್ಮನೆಯವರು ಚಪ್ಪಡಿ ಪೂರ್ತಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಹಾಗೇ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡಲು ಬಗ್ಗಿದರು. ಬಗ್ಗಿದವರೇ ಹಿಂದಕ್ಕೆ ಸರಿದು ಟವಲಿನಿಂದ ಮೂಗು ಮುಚ್ಚಿಕೊಂಡರು. ಬಿಸಿ ಹಬೆ, ಹುಳಿತ ವಾಸನೆ, ಕೊಳೆತ ಹುಲ್ಲು. ಸೆರಗು ಮುಚ್ಚಿಕೊಂಡು ನಾನೂ ದೂರ ನಿಂತೆ. ಅಕ್ಕ ಮಾತ್ರ ಹಗೇವಿನ ಬಾಯಿಯ ಮೇಲೆ ಮುಖವಿಟ್ಟು ಬಗ್ಗಿಯೇ ಇದ್ದರು. ಆ ಹಬೆ ಅವರ ಮುಖಕ್ಕೇ ಬಡಿಯುತ್ತಿತ್ತು. ಹುಬ್ಬು ಕೂಡ ಗಂಟಿಕ್ಕಲಿಲ್ಲ. ತಲೆಯೆತ್ತಿ ನಮ್ಮಿಬ್ಬರನ್ನು ನೋಡಿದರು, ನಾವು ಮೂಗು ಮುಚ್ಚಿಕೊಂಡಿರುವುದನ್ನು ನೋಡಿದರು. ಆಮೇಲೆ ನಿಧಾನವಾಗಿ ತಾವೂ ಸೆರಗನ್ನು ಮೂಗಿಗೆ ತಂದುಕೊಂಡರು. ಆಗ ನನಗೆ ಇಂಗಿನ ಡಬ್ಬಿ ನೆನಪಾಯಿತು.

ತಳದ ರಾಗಿ ಹೆಂಟೆ ಕಟ್ಟಿತ್ತು. ಗೋಡೆಯ ಪಕ್ಕದ್ದು ಮೊಳಕೆ ಒಡೆದು ಬೆಳ್ಳಗಾಗಿತ್ತು. ಕೆರೆಯ ನೀರು ನೆಲದೊಳಗಿನಿಂದ ನಡೆದು ಬಂದಿತ್ತು. ನಡುವಿನ ಮೇಲ್ಭಾಗದ್ದು ಮಾತ್ರ ಕೈಗೆ ಸಿಕ್ಕಿತು. ಅದಕ್ಕೂ ಮುಗ್ಗಲು ವಾಸನೆ ಹತ್ತಿತ್ತು. ಒಲೆಯ ಪಕ್ಕ ಚಾಪೆ ಹಾಸಿ, ಕೈಯಾಡಿಸಿ ಆಡಿಸಿ ಒಣಗಿಸಿದೆವು. ನಮ್ಮನೆಯವರು ಬೈಯಲಿಲ್ಲ. “ನೀರು ಬಂದಿದ್ದಕ್ಕೆ ಅತ್ತಿಗೆ ಏನ್ ಮಾಡ್ತಾರೆ. ಕೆರೆ ತುಂಬ್ಲಿ ಅಂತ ಹರಕೆ ಹೊತ್ತೋರು ನಾವೇ ಅಲ್ವಾ” ಎಂದರು. ಆ ಮಾತಿಗೆ ಅಕ್ಕನ ಮುಖ ಇನ್ನಷ್ಟು ಚಿಕ್ಕದಾಯಿತು.

ಮಧ್ಯಾಹ್ನ ಉಗ್ರಾಣದಲ್ಲಿ ನಾನು ಕೇಳುವ ಮೊದಲೇ ಅವರು ಬಾಯಿ ಬಿಟ್ಟರು.

“ಗೊತ್ತಾಯ್ತಲ್ಲ ನಿನ್ಗೆ?”

“ಯಾವಾಗ್ನಿಂದ ಅಕ್ಕ?”

“ಜ್ವರದಲ್ಲೇ ಹೋಯ್ತು. ಬರ್ತೈತೆ ಬರ್ತೈತೆ ಅಂತ ದಿನಾ ಇಂಗು ಮೂಸ್ತಿದ್ದೆ. ಅದು ಇಂಗೋ ಸುಣ್ಣವೋ ಒಂದೂ ತಿಳೀಲಿಲ್ಲ. ಹಗೇವು ಮೂಸಿದೆ ಕಣೇ ಸರೋಜ. ಬೇಕು ಅಂತ ಸುಳ್ಳು ಹೇಳ್ಲಿಲ್ಲ. ಏನೂ ವಾಸ್ನೆ ಬರ್ಲಿಲ್ಲ. ಕೆಟ್ಟ ವಾಸ್ನೆ ಇಲ್ಲ ಅಂದ್ರೆ ಚೆನ್ನಾಗೈತೆ ಅಂದ್ಕೊಂಡೆ.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಒಂದು ಮಾತು ಹೇಳಿದ್ದರೆ ನಾನೇ ಮೂಸುತ್ತಿದ್ದೆನಲ್ಲ ಎಂದೆ. ಅವರು ಅಡಕಲಿನ ಕಡೆ ನೋಡುತ್ತ, “ಮೂಗಿಲ್ಲದೋಳಿಗೆ ಉಗ್ರಾಣದಾಗೆ ಏನ್ ಕೆಲ್ಸ” ಎಂದರು. “ಸೊಣ್ಣಪ್ಪ ಬಂದ್ರೆ ಈ ಸಲ ಏನಂತ ಹೇಳ್ಲಿ. ಮುನಿರಾಜಂಗೆ ಹೇಳ್ಬೇಡ.” ನಾನು ನಮ್ಮನೆಯವರಿಗೆ ಹೇಳಲಿಲ್ಲ.

ಆದರೆ ಹೊಟ್ಟೆಗೆ ಬೇಕಲ್ಲ. ಮಳೆಗೆ ಮುಂಚಿನ ಅವರ ಯಾವ ತೀರ್ಪನ್ನೂ ನಂಬುವ ಹಾಗಿರಲಿಲ್ಲ. ಮರುದಿನವೇ ಅಷ್ಟೂ ಅಡಕಲು ಮತ್ತೆ ಇಳಿಸಿದೆ. ಸೊಂಟ ಬಿದ್ದುಹೋಯಿತು. ಅಕ್ಕ ಚಿಮಣಿ ಹಿಡಿದು ಪಕ್ಕದಲ್ಲಿ ಕುಳಿತರು, ನಾನು ಮಡಕೆಗೆ ಮೂಗಿಟ್ಟೆ. ವಾಸನೆ ಏನೋ ಬರುತ್ತಿತ್ತು, ಅದರ ಅರ್ಥ ಮಾತ್ರ ಆಗುತ್ತಿರಲಿಲ್ಲ.

“ಏನ್ ಬರ್ತೈತೆ ಹೇಳು.”

“ಅವರೆ ವಾಸ್ನೆ.”

“ಅವರೆ ಮಡಕೇಲಿ ಅವರೆ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬರ್ತೈತಾ? ಅದ್ರ ಹಿಂದೆ ಏನೈತೆ ನೋಡು. ಸಿಹಿ ಸಿಹಿ ಐತಾ?”

ಇನ್ನೊಮ್ಮೆ ಎಳೆದೆ. ಹೌದು, ಹಿಂದೆ ಎಲ್ಲೋ ಸಣ್ಣ ಸಿಹಿ ಇತ್ತು. ಹೇಳಿದೆ.

“ಹಂಗಾದ್ರೆ ಹುಳ ಕೂತೈತೆ. ಇವತ್ತೇ ಹುರಿದ್ಬಿಡು, ಮೊದ್ಲು ಅದು ಖರ್ಚಾಗ್ಲಿ.” ಒಂದು ಕಾಳು ಬಾಯಿಗೆ ಹಾಕಿ ಕಡಿದು, ಸದ್ದು ಕೇಳಿ ತಲೆಯಾಡಿಸಿದರು. ಸುರಿದು ನೋಡಿದಾಗ ಕಾಳಿನ ನಡುವೆ ಹಿಟ್ಟು ಉದುರಿತು.

ಹೀಗೆ ಮಡಕೆಯಿಂದ ಮಡಕೆಗೆ ಹೋದೆವು. ಕಡಲೆಕಾಯಿ ಕಮಟಾಗಿತ್ತು, ದನಕ್ಕೆ ಹೋಯಿತು. ಕೆಮ್ಮಣ್ಣಿನ ತೊಗರಿ ಗಟ್ಟಿಯಾಗಿತ್ತು. ಹುರುಳಿ ಬೂದಿಯೊಳಗೆ ಬೆಚ್ಚಗೆ ಮಲಗಿತ್ತು. ಆ ದಿನಗಳೆಲ್ಲ ನನಗೆ ಈಗ ಒಂದೇ ಉದ್ದ ದಿನವಾಗಿ ನೆನಪಿವೆ: ಸುರಿಯುವ ಮಳೆ, ಹೊಗೆ, ಹುರುಳಿ ಸಾರು, ಹುರುಳಿ ಬಸ್ಸಾರು, ಮತ್ತೆ ಹುರುಳಿ ಸಾರು, ಜೊತೆಗೆ ಆ ಮುಗ್ಗಲು ಮುದ್ದೆ. ನಮ್ಮನೆಯವರು ಮೊಸರು ಸುರಿದುಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದರು. ನನಗೆ ಗಂಟಲಲ್ಲೇ ನಿಲ್ಲುತ್ತಿತ್ತು. ಅಕ್ಕನಿಗೊಬ್ಬರಿಗೆ ಅದು ಸಲೀಸಾಗಿ ಇಳಿಯುತ್ತಿತ್ತು. ಅದನ್ನು ಕಂಡಾಗ ಅಸೂಯೆಯಾಗುತ್ತಿತ್ತು, ಆಮೇಲೆ ನಾಚಿಕೆಯಾಗುತ್ತಿತ್ತು. ಊಟಕ್ಕೆ ಕೂತಾಗ ಅವರು ತಟ್ಟೆಯ ಮೇಲೆ ಬಗ್ಗಿ ಹಬೆಯನ್ನು ಎಳೆದುಕೊಂಡು ನನ್ನ ಕಡೆ ನೋಡುವುದು ಅಭ್ಯಾಸವಾಯಿತು. ನಾನು ಸಣ್ಣಗೆ ಹೇಳುತ್ತಿದ್ದೆ: ಒಗ್ಗರಣೆ ಸ್ವಲ್ಪ ಸೀದಿದೆ, ಬೆಳ್ಳುಳ್ಳಿ ಚೆನ್ನಾಗಿ ಬೆಂದಿದೆ. ಆಮೇಲೆ ಅವರು ಉಣ್ಣುತ್ತಿದ್ದರು.

ನೀರು ಮೊಣಕಾಲಿಗೆ ಇಳಿದ ದಿನ ಸೊಣ್ಣಪ್ಪಣ್ಣ ಬಂದರು. ಪಂಚೆ ಎತ್ತಿಕಟ್ಟಿ, ಹೆಗಲ ಮೇಲೆ ಅರ್ಧ ಚೀಲ ರಾಗಿ ಹೊತ್ತು, ಕೈಯಲ್ಲೊಂದು ಹಿಟ್ಟಿನ ಚೀಲ ಹಿಡಿದು. ಹಗೇವು ಹಾಳಾದ ಸುದ್ದಿ ತಾಯಲೂರು ಮುಟ್ಟಿತ್ತು. ಅವರ ಕಡೆ ಮುಂಚೆ ಬಿತ್ತಿದ ರಾಗಿ ಮಳೆಯ ಬಿಡುವಿನಲ್ಲಿ ಹೇಗೋ ಮನೆ ಸೇರಿತ್ತಂತೆ. “ಹೊಸ ರಾಗಿ ಕಣಮ್ಮ, ಹಿಟ್ಟೂ ಮಾಡಿಸ್ಕಂಡು ಬಂದಿವ್ನಿ. ಮುದ್ದೆ ಮಾಡು” ಎಂದರು. ನನ್ನ ಕೈಯಲ್ಲಿ ಆ ಹಿಟ್ಟು ಬಿದ್ದಾಗ ಕಣ್ಣಲ್ಲಿ ನೀರು ಬಂದದ್ದು ನಿಜ.

ಒಲೆ ಹಚ್ಚುತ್ತಿದ್ದಾಗ ಹೊರಗೆ ಅವರ ಮಾತು ಕೇಳಿಸಿತು. ಎಂದಿನ ಮಾತೇ. ಅಕ್ಕತಮ್ಮಂದಿರು ತಮ್ಮತಮ್ಮಲ್ಲಿ ತೆಲುಗು ಆಡುತ್ತಾರೆ. “ಪೋದಾಂ ರಾ ಅಕ್ಕಾ,” ಹೋಗೋಣ ಬಾ ಎನ್ನುತ್ತಿದ್ದರು ಅವರು. ಈ ಕತ್ತಲಲ್ಲಿ, ಈ ನೀರಿನಲ್ಲಿ ಯಾಕೆ ಒದ್ದಾಡುತ್ತೀ ಎಂದರು. ನಾನು ಅಕ್ಕನ ಉತ್ತರಕ್ಕಾಗಿ ಕಾದೆ. ಬರಲಿಲ್ಲ. ಅಕ್ಕ ಒಳಗೆ ಬಂದು, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಬಟ್ಟೆ ಚೀಲ ತೆಗೆದುಕೊಂಡು ಎರಡು ಸೀರೆ ಮಡಿಸಿಟ್ಟರು. ನನ್ನ ಮುಖ ನೋಡಲಿಲ್ಲ.

ಹಿಟ್ಟಿನ ಕೋಲು ಹಿಡಿದು ನಾನು ಮುದ್ದೆ ತಿರುವತೊಡಗಿದೆ. ತಡೆಯಬೇಕೆನ್ನಿಸಿತು. ಆದರೆ ಅಷ್ಟು ಆಯಾಸವಾಗಿತ್ತು ನನಗೆ, ಹೋಗಲಿ ಬಿಡು, ಇನ್ನು ಅಡಕಲು ಇಳಿಸುವುದೂ ಬೇಡ ಏರಿಸುವುದೂ ಬೇಡ ಎಂದೂ ಅನ್ನಿಸಿತು. ಇದ್ದರೆ ಇರಲಿ ಎನ್ನಲು ಕರುಣೆ ಸಾಕಾಗುತ್ತಿತ್ತು, ಆದರೆ ಕರುಣೆಗೆ ಅವರು ನಿಲ್ಲುವವರಲ್ಲ.

ಎಲ್ಲರೂ ಊಟಕ್ಕೆ ಕೂತರು. ಬಿಸಿ ಮುದ್ದೆ ಅಕ್ಕನ ತಟ್ಟೆಗೆ ಹಾಕಿದೆ. ಅವರು ಅಭ್ಯಾಸದಂತೆ ಬಗ್ಗಿ ಹಬೆ ಎಳೆದುಕೊಂಡು ನನ್ನ ಕಡೆ ಹುಬ್ಬು ಏರಿಸಿದರು.

“ಹೊಸದು ಅಕ್ಕ,” ಎಂದೆ. “ಚೆನ್ನಾಗೈತೆ. ಅದ್ರ ಹಿಂದೆ ಸ್ವಲ್ಪ ಹಸಿ ಹುಲ್ಲಿನ ವಾಸ್ನೆ.”

ಮುದ್ದೆ ಮುರಿಯಲು ಹೋದ ಕೈ ನಿಂತಿತು. “ಹಸೀನಾ? ಲೇ ಸೊಣ್ಣಪ್ಪ, ಪೂರ್ತಿ ಒಣಗಿಸ್ದೆ ಚೀಲಕ್ಕೆ ತುಂಬಿದ್ಯಾ?”

“ಬಿಸ್ಲು ಎಲ್ಲೈತಕ್ಕ.”

ಅಕ್ಕ ಎಡಗೈ ಊರಿ ಎದ್ದರು. ಬಾಗಿಲ ಪಕ್ಕದಲ್ಲಿದ್ದ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಇದ್ದರು. “ಒಳಗೆ ಬಿಸಿ ಏರ್ತಾ ಐತೆ. ಹಿಂಗೇ ಬಿಟ್ರೆ ಇದೂ ಹಗೇವಿನ ದಾರಿ ಹಿಡೀತದೆ. ಸರೋಜ, ಉಂಡಾದ್ಮೇಲೆ ಇದ್ನ ಒಲೆ ಪಕ್ಕ ಹರಡು. ಒಣಗಿದ್ಮೇಲೆ ಕೆಳಗಿನ ಗುಡಾಣಕ್ಕೆ. ಸಂಜೆಗೆ ಆ ಹಳೇದೇ ಇರ್ಲಿ, ಅದು ಮುಗೀಬೇಕು ಮೊದ್ಲು.”

ಮತ್ತೆ ಬಂದು ಕೂತರು. ತಮ್ಮನ ಕಡೆ ತಿರುಗಿ, “ನೋಡ್ದಾ. ನಾನು ಬಂದ್ರೆ ಇದ್ನೆಲ್ಲ ನೋಡೋರ್ಯಾರೋ?” ಎಂದರು. ಸೊಣ್ಣಪ್ಪಣ್ಣ ತಲೆ ಕೆರೆದುಕೊಂಡು ಉಂಡರು. ಇಷ್ಟು ವರ್ಷಕ್ಕೆ ಸಿಕ್ಕ ಹೊಸ ರಾಗಿಯ ಮುದ್ದೆ ನನಗೆ ಆ ಒಂದು ಹೊತ್ತಿಗೆ ಮುಗಿಯಿತು. ಬೈಯಬೇಕೆನ್ನಿಸಿತು, ಎದೆಯಲ್ಲಿ ಹಗುರವೂ ಆಯಿತು. ಕೈ ತೊಳೆದು ಬಂದು, ಬಟ್ಟೆ ಚೀಲದಿಂದ ಎರಡು ಸೀರೆಯನ್ನೂ ತೆಗೆದು ಅವುಗಳ ಜಾಗಕ್ಕೆ ಇಟ್ಟೆ.

ಈಗ ಕಂಬಗಳು ತೋಪಿನವರೆಗೆ ಬಂದಿವೆ. ಫ್ರಿಜ್ಜು ಇದೆ. ಹಗೇವನ್ನು ಮುಚ್ಚಿದ್ದೇವೆ. ಅಡಕಲು ಮಾತ್ರ ವರ್ಷಕ್ಕೆ ಎರಡು ಸಲ ಇಳಿಯುತ್ತದೆ, ನನ್ನ ಸೊಂಟ ಈಗಲೂ ನೋಯುತ್ತದೆ. ಅಕ್ಕನ ಮೂಗು ತಿರುಗಿ ಬರಲಿಲ್ಲ. ನಮ್ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದಾರೆ.

ಮಿಲ್ಲಿನಿಂದ ಬಂದು ಹಿಟ್ಟಿನ ಚೀಲ ಇಳಿಸಿದಾಗ ಅಕ್ಕ ಜಗಲಿಯ ಮೇಲೆ ಕೂತಿದ್ದರು. ಬೆರಳಲ್ಲಿ ಒಂದು ಚಿಟಿಕೆ ಹಿಟ್ಟು ತೆಗೆದು ಉಜ್ಜಿ, “ಏನ್ ಬರ್ತೈತೆ?” ಎಂದು ಕೇಳಿದರು.

“ಮುಗ್ಗಲು, ಅಕ್ಕ. ಮುಂದಿನೋಳ ರಾಗಿ ನೆನೆದಿತ್ತು.”

“ಹಂಗಾದ್ರೆ ಇದೇ ಮೊದ್ಲು ಖರ್ಚಾಗ್ಲಿ,” ಎಂದರು.